ಒಂದು ಚಮಚ ಸಿರಪ್ಪು

ಮಗ್ಗದ ಮನೆಯ ಯಜಮಾನಿ ಸರಸ್ವತಮ್ಮ ಕೆಮ್ಮಿನ ಸಿರಪ್ಪನ್ನು ಚಮಚಕ್ಕೆ ಬಗ್ಗಿಸಿ ಭಾರ್ಗವನ ಬಾಯಿಗೆ ಹಿಡಿದಾಗ ಹಿಂದೂಪುರದ ಅಷ್ಟೂ ಮಗ್ಗಗಳು ನಿಂತುಹೋದವು. ನಿಜಕ್ಕೂ ನಿಂತದ್ದು ಒಂದೇ ಮಗ್ಗ, ಅವನದು.

“ಬಾಯಿ ತೆಗಿಯಪ್ಪ. ಬೆಳಗ್ಗಿಂದ ಕೆಮ್ಮಿ ಕೆಮ್ಮಿ ಎಳೆ ಕಿತ್ತಾಕ್ತಿದ್ದೀಯ.”

ಆ ಚಮಚದಲ್ಲಿ ಆನೆ ಮುಳುಗುವಷ್ಟು ಆಳವಿತ್ತು. ಎರಡು ವರ್ಷದ ಹಿಂದೆ ಭಾರ್ಗವ ಟಿವಿ ಗಾಯಕ. ಕಲ್ಯಾಣದುರ್ಗದಲ್ಲಿ ಅವನಿಗೆ ಹಾಕಿದ ಹಾರ ಎತ್ತಲು ಎರಡು ಕ್ರೇನ್ ಬಂದಿದ್ದವು, ಮೂರನೆಯದು ಜಾಗ ಸಾಲದೆ ವಾಪಸಾಯಿತು. ಆಗ ಅವನು ನಶೆಗಾಗಿ ಇಂಥದೇ ಸಿರಪ್ಪನ್ನು ಕೆರೆ ಬತ್ತುವಷ್ಟು ಕುಡಿಯುತ್ತಿದ್ದ. ಬಿಟ್ಟು ಹನ್ನೊಂದು ತಿಂಗಳಾಗಿತ್ತು. ಗಡ್ಡ ಬೆಳೆಸಿಕೊಂಡು ನೇಯ್ಗೆ ಕಲಿಯಲು ಬಂದವನನ್ನು ಇಲ್ಲಿ ಯಾರೂ ಗುರುತಿಸಿರಲಿಲ್ಲ. ಸಿರಪ್ಪು ಬೇಡವೆನ್ನಲು ಕಾರಣ ಹೇಳಿದರೆ ಈ ಮಗ್ಗ ಕೈತಪ್ಪಿದಂತೆಯೇ. ಹೇಳದಿದ್ದರೆ? ಬಾಯಿ ತಾನಾಗಿಯೇ ತೆರೆಯತೊಡಗಿತ್ತು.

“ಬೇಡಮ್ಮ,” ಎಂದ ಹಲ್ಲು ಕಚ್ಚಿ. “ಟಿವೀಲಿ ಹಾಡ್ತಿದ್ದ ಭಾರ್ಗವ ನಾನೇ. ಇದನ್ನ ಕುಡ್ದು ಕುಡ್ದೇ ಹಾಳಾಗ್ಬುಟ್ಟೆ.”

ಸರಸ್ವತಮ್ಮ ಎದ್ದು ಹೋಗಿ ಚಮಚದ್ದನ್ನೂ ಬಾಟಲಿಯದ್ದನ್ನೂ ಬಚ್ಚಲಿಗೆ ಸುರಿದು ಬಂದರು.

“ಹಾಡೋನಾ ನೀನು? ಅದಕ್ಕೇ ಮತ್ತೆ, ನಿನ್ ಕೆಮ್ಮು ಚಿಲಮತ್ತೂರಿಗೂ ಕೇಳ್ತದೆ. ಮೆಣಸಿನ ಚಾರು ಕಾಯಿಸ್ಕೊಂಡ್ ಬತ್ತೀನಿ, ಅಷ್ಟರಲ್ಲಿ ಆ ಕಿತ್ತೋಗಿರೋ ಎಳೆ ಸೇರ್ಸು ಕಣ್ಲಾ.”