ಆದೇಶದ ಕೊನೆಯ ಸಾಲು

"ಶಿಕ್ಷೆಯ ಬಗ್ಗೆ ಏನಾದ್ರೂ ಹೇಳೋದಿದೆಯಾ?" ಎಂದು ನ್ಯಾಯಾಧೀಶರು ಕೇಳಿದ್ದೇ ತಡ, ಇನ್ಸ್‌ಪೆಕ್ಟರ್ ಪರ ವಕೀಲರು ಎದ್ದು ನಿಂತರು. ಮಾಡದ ಕಳ್ಳತನ ಒಪ್ಪಿಸಲು ಹೋಗಿ ಇನ್ಸ್‌ಪೆಕ್ಟರು ಠಾಣೆಯಲ್ಲಿ ದರ್ಜಿಯೊಬ್ಬನ ಬೆರಳು ಮುರಿದದ್ದು ಆಗಷ್ಟೇ ಸಾಬೀತಾಗಿತ್ತು. ಎಷ್ಟು ವರ್ಷ ಎಂಬುದೊಂದೇ ಬಾಕಿ.

"ಮೇಡಂ, ಇವರು ಹಿಡಿದ ಕಳ್ಳಕಾಕರೇ ಜೈಲಿನ ತುಂಬ ಇದ್ದಾರೆ. ಅವರ ಮಧ್ಯೆ ಇವರನ್ನ ಬಿಟ್ಟರೆ ಗತಿ ಏನು? ದಯವಿಟ್ಟು ಶಿಕ್ಷೆ ಕಡಿಮೆ ಮಾಡಿ."

ಆರೋಪಿಯ ಕಟಕಟೆಯಲ್ಲಿ ಪೊಲೀಸರೊಬ್ಬರನ್ನು ನ್ಯಾಯಾಧೀಶರು ಕಂಡದ್ದು ಇದೇ ಮೊದಲು. ಕುತೂಹಲ ತಡೆಯಲಾಗದೆ, ವಕೀಲರನ್ನು ಬಿಟ್ಟು ಇನ್ಸ್‌ಪೆಕ್ಟರನ್ನೇ ಕೇಳಿದರು. "ನಿಜವಾಗ್ಲೂ ಭಯ ಇದೆಯೇನ್ರೀ?"

ಬಾಯಿ ಬಿಡಬೇಡಿ, ತಲೆ ತಗ್ಗಿಸಿ ನಿಂತರೆ ಸಾಕು ಎಂದು ವಕೀಲರು ಬೆಳಿಗ್ಗೆಯಿಂದ ಬಡಕೊಂಡಿದ್ದರು. ಆದರೆ ವರ್ಷಗಟ್ಟಲೆ ಸಾಕ್ಷಿ ಹೇಳಿ ಪಳಗಿದ ನಾಲಿಗೆ ಅದು, ನ್ಯಾಯಾಧೀಶರು ಕೇಳಿದ ಮೇಲೆ ಸುಮ್ಮನಿರುವುದುಂಟೇ? ಇನ್ಸ್‌ಪೆಕ್ಟರು ನೆಟ್ಟಗೆ ನಿಂತು, "ಇದೆ ಮೇಡಂ" ಎಂದುಬಿಟ್ಟರು.

"ಕೈದಿಗಳ ಭಯಾನಾ?"

"ಅವರದೇನು ಭಯ ಮೇಡಂ, ಅವರ ಕೈ ಖಾಲಿ. ನಂಗೆ ಕಾವಲಿನವರದೇ ಭಯ. ಬೀಗ ಹಾಕಿದ ಮೇಲೆ ಒಳಗೆ ಏನ್ ಮಾಡಿದ್ರೂ ಕೇಳೋರಿಲ್ಲ ಅಂತ ಅವರಿಗೆ ಗೊತ್ತಿರುತ್ತೆ."

ವಕೀಲರು ಹಣೆ ಚಚ್ಚಿಕೊಳ್ಳುವುದೊಂದು ಉಳಿದಿತ್ತು. ಇಡೀ ವಿಚಾರಣೆಯಲ್ಲಿ ಈ ಮನುಷ್ಯ ಆಡಿದ ಒಂದೇ ಒಂದು ನಿಜ ಇದು ಎನಿಸಿತು ನ್ಯಾಯಾಧೀಶರಿಗೆ. ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ಐದು ವರ್ಷ ಜೈಲು ಎಂದು ಹೇಳಿ ಬರೆಸಿದರು. ಆಮೇಲೆ ಸ್ವಲ್ಪ ಯೋಚಿಸಿ ಇನ್ನೊಂದು ಸಾಲು ಸೇರಿಸಿದರು: "ಜೈಲಿನಲ್ಲಿ ಇವರ ಮೇಲೆ ಯಾರೂ ಕೈ ಮಾಡಕೂಡದು. ವಾರಕ್ಕೊಮ್ಮೆ ವೈದ್ಯರು ಇವರನ್ನು ಪರೀಕ್ಷಿಸಿ ಈ ನ್ಯಾಯಾಲಯಕ್ಕೆ ವರದಿ ಕಳಿಸಬೇಕು."

ಹಿಂದಿನ ಬೆಂಚಿನಲ್ಲಿದ್ದ ದರ್ಜಿ ಮೆಲ್ಲನೆ ಎದ್ದ. ಐದು ವರ್ಷ ಕಮ್ಮಿಯಾಯಿತು ಎಂದು ಜಗಳ ತೆಗೆಯುತ್ತಾನೇನೋ ಎಂದು ಎಲ್ಲರೂ ತಿರುಗಿ ನೋಡಿದರು. ಅವನ ಮುಖದಲ್ಲಿ ಕೋಪವೇನೂ ಇರಲಿಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವನ ಹಾಗೆ ಕೇಳಿದ.

"ತಾಯಿ, ವಿಚಾರಣೆ ಮಾಡ್ಲಿ ಅಂತ ನನ್ನನ್ನ ಇವರ ಕೈಗೆ ಒಪ್ಪಿಸಿದ್ದೂ ಇದೇ ಕೋರ್ಟು. ಇಂಥ ಸಾಲನ್ನ ಆವತ್ತೂ ಬರೀಬಹುದಿತ್ತಾ?"

ಇದನ್ನೂ ಬರೆದುಕೊಳ್ಳಬೇಕೇ ಎಂದು ಟೈಪಿಸ್ಟ್ ನ್ಯಾಯಾಧೀಶರ ಮುಖ ನೋಡಿದ.