ಮದುವೆಯ ಸೈಟು ನೋಡಿದವರು

“ನಮ್ಮ ಆಫೀಸಿನಾಗ ಯಾರೋ ದಿನಾ ಮದುವಿ ಸೈಟ್ ನೋಡಾಕತ್ತಾರ!”

ಮ್ಯಾನೇಜರ್ ಪರಮೇಶ ತನ್ನ ಕೋಣೆಯ ಬಾಗಿಲಲ್ಲಿ ನಿಂತು ನಗುತ್ತಾ ಹೀಗೆಂದಾಗ, ಊಟದ ಡಬ್ಬಿ ಬಿಚ್ಚಿದ್ದವರ ಕಣ್ಣೆಲ್ಲ ಒಮ್ಮೆಲೇ ಅಂಜಲಿಯ ಕಡೆ ಹೊರಳಿದವು. ಗಂಗಾವತಿಯ ಆ ಅಕ್ಕಿ ಗಿರಣಿಯ ಆಫೀಸಿಗೆ ಸ್ವಂತ ಲ್ಯಾಪ್‌ಟಾಪ್ ತರುವವರು ಇಬ್ಬರೇ. ಒಬ್ಬಳು ಬಿಲ್ಲು ಹಾಕುವ ಅಂಜಲಿ, ಈಗಷ್ಟೇ ಡಿಗ್ರಿ ಮುಗಿಸಿದ ಹುಡುಗಿ. ಇನ್ನೊಬ್ಬಳು ಲೆಕ್ಕಪತ್ರ ನೋಡುವ ದ್ರಾಕ್ಷಾಯಿಣಿ. ನಲವತ್ತು ದಾಟಿದ ವಿಧವೆ, ಮಗನನ್ನು ಒಬ್ಬಳೇ ಬೆಳೆಸಿ ಕಾಲೇಜಿಗೆ ಹಚ್ಚಿದವಳು. ಅವಳ ಮೇಲೆ ಅನುಮಾನಪಡುವುದು ಯಾರ ಕನಸಿಗೂ ಬರುವ ಮಾತಲ್ಲ.

“ನಾನಲ್ರಿ ಸರ್...” ಅಂಜಲಿಯ ದನಿ ಅರ್ಧಕ್ಕೇ ನಿಂತಿತು.

“ಮತ್ಯಾರು? ವೈಫೈ ಮಷಿನ್ನಿನಾಗ ಎಲ್ಲಾ ಗೊತ್ತಾಗತೈತಿ. ಆಫೀಸಿನ ಕಂಪ್ಯೂಟರ್ ಅಲ್ಲ, ಮೊಬೈಲಿಗೆ ನಾವು ವೈಫೈ ಕೊಟ್ಟಿಲ್ಲ. ಹೊರಗಿನ ಲ್ಯಾಪ್‌ಟಾಪ್ ಅಂತ ತೋರಸ್ತೈತಿ. ಸಂಜಿಗೆ ನಿಮ್ಮಪ್ಪಗ ಫೋನ್ ಹಚ್ತೀನಿ ತಡಿ, ವರ ಹುಡುಕೂದು ಬಿಟ್ಟು ಕುಂತಾನೇನು ಅಂತ ಕೇಳ್ತೀನಿ.”

ಅವನಿಗದು ತಮಾಷೆ. ಆದರೆ ಅಂಜಲಿಯ ಕಣ್ಣು ತುಂಬಿಬಂದವು. ಹುಲಿಹೈದರದಲ್ಲಿರುವ ಅವಳ ಅಪ್ಪ, ಅವಳು ಅತ್ತು ಕರೆದ ಮೇಲಷ್ಟೇ ಮಗಳನ್ನು ಕೆಲಸಕ್ಕೆ ಕಳಿಸಿದವನು. ಅಂಥ ಒಂದು ಫೋನು ಹೋದರೆ ಸಾಕು, ನಾಳೆ ಅವಳು ಬಸ್ ಹತ್ತುವುದಿಲ್ಲ.

ದ್ರಾಕ್ಷಾಯಿಣಿಯ ಕೈಯಲ್ಲಿದ್ದ ರೊಟ್ಟಿಯ ತುಣುಕು ಹಾಗೆಯೇ ಉಳಿಯಿತು. ಮನೆಯಲ್ಲಿರುವುದು ಒಂದೇ ಕೋಣೆ. ಮಗ ಪಕ್ಕದಲ್ಲೇ ಕೂತು ಓದುತ್ತಾನೆ. ಅದಕ್ಕೇ ಊಟದ ಹೊತ್ತಿನಲ್ಲಿ ಇಲ್ಲಿ, ಮೂಲೆಯ ಮೇಜಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಆ ಸೈಟು ತೆರೆಯುತ್ತಿದ್ದಳು. ಲ್ಯಾಪ್‌ಟಾಪ್ ತನ್ನದು, ನೋಡುವುದೂ ತನಗೆ ಬಿಟ್ಟಿದ್ದು ಅಂದುಕೊಂಡಿದ್ದಳು. ಅದು ಹಾಯ್ದು ಹೋಗುವ ವೈಫೈ ದಾರಿ ಇನ್ನೊಬ್ಬರದೆಂದು ಹೊಳೆದಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎದುರಿಗೆ ಆ ಹುಡುಗಿಯ ಮುಖವಿತ್ತು.

ಅವಳು ಡಬ್ಬಿ ಸರಿಸಿ ಎದ್ದು ನಿಂತಳು.

“ಆಕಿ ಅಲ್ಲ. ನಾನು.”

ಪರಮೇಶನ ನಗು ಇಳಿಯಿತು. “ಅಕ್ಕಾರ, ನೀವಾ? ಓಹೋ, ಮಗನ ಸಲುವಾಗಿ ಏನ್ರಿ?”

ಪಾರಾಗಲು ಅವನೇ ಬಾಗಿಲು ತೆರೆದುಕೊಟ್ಟಿದ್ದ. ಹೂಂ ಅಂದರೆ ಮುಗಿಯುತ್ತಿತ್ತು. ಎಲ್ಲರೂ ಆ ಹೂಂಗಾಗಿಯೇ ಕಾಯುತ್ತಿರುವಂತೆಯೂ ಕಂಡಿತು.

“ಮಗಗ ಇನ್ನೂ ಮೀಸಿ ಮೂಡಿಲ್ಲ. ನನ್ನ ಸಲುವಾಗಿ,” ಎಂದಳು ದ್ರಾಕ್ಷಾಯಿಣಿ. “ನನಗ ಒಂದು ಜೋಡಿ ಬೇಕನಿಸೇತಿ, ಹುಡುಕಾಕತ್ತೀನಿ. ಊಟದ ಹೊತ್ತಿನಾಗ, ನನ್ನ ಲ್ಯಾಪ್‌ಟಾಪಿನಾಗ. ವೈಫೈ ನಿಮ್ದು, ಖರೆ. ಬ್ಯಾಡ ಅಂದಿದ್ರ ಮುಟ್ತಿರಲಿಲ್ಲ. ಆದ್ರ ನಾವು ನೋಡೂದನ್ನ ನೀವು ನೋಡ್ತೀರಿ ಅಂತ ಒಂದು ಮಾತು ಮೊದಲ ಹೇಳಬೇಕಿತ್ತು. ಹೇಳದ ನೋಡಿದ್ರಿ, ಮ್ಯಾಲೆ ಮಂದಿ ಮುಂದ ಒದರಿದ್ರಿ. ಆ ಹುಡುಗಿ ಕಡೆ ಒಮ್ಮೆ ನೋಡ್ರಿ.”

ಪರಮೇಶ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ.

“ತಪ್ಪಾತ್ರಿ ಅಕ್ಕಾರ. ಸುಮ್ನ ಚ್ಯಾಷ್ಟಿ ಮಾಡಿದೆ.”

“ನನಗಲ್ಲ, ಆಕಿಗೆ ಹೇಳ್ರಿ.”

ಪರಮೇಶ ಅಂಜಲಿಯ ಕಡೆ ತಿರುಗಿ, “ತಪ್ಪಾತವ್ವಾ. ಫೋನ್ ಗೀನ್ ಮಾಡೂದಿಲ್ಲ. ಏನೇನು ಕಾಣತೈತಿ ಅನ್ನೂದು ನಾಳಿ ಬರದು ಗ್ವಾಡಿಗೆ ಹಚ್ತೀನಿ,” ಎಂದ. ಒಳಗೆ ಹೋಗುವಾಗ ಮಾತ್ರ ಮನಸ್ಸು ತಡೆಯಲಿಲ್ಲ. “ಅಂದಂಗ ಅಕ್ಕಾರ, ಯಾರಾದ್ರೂ ಸಿಕ್ಕಾರೇನ್ರಿ? ಯಾವೂರವ್ರು?”

“ಅದನ್ನ ನಿಮ್ಮ ಮಷಿನ್ ಹೇಳಲಿಲ್ಲೇನು?” ದ್ರಾಕ್ಷಾಯಿಣಿ ನಕ್ಕಳು. “ಹೇಳೂ ಹೊತ್ತು ಬಂದ್ರ ಕಾರ್ಡ್ ಕೊಡ್ತೀನಿ. ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಬರ್ರಿ.”

ಅವಳು ಕೂತು ಡಬ್ಬಿಯನ್ನು ಮತ್ತೆ ಹತ್ತಿರ ಎಳೆದುಕೊಂಡಳು. ಸಂಜೆಯೊಳಗೆ ಸುದ್ದಿ ಓಣಿ ಮುಟ್ಟುತ್ತದೆ. ಮುಟ್ಟಲಿ. ರಾತ್ರಿ ಮಗನನ್ನು ಎದುರಿಗೆ ಕೂರಿಸಿಕೊಂಡು ಮೊದಲು ತಾನೇ ಹೇಳಬೇಕು. ಅವಳ ಬೆನ್ನು ನೆಟ್ಟಗೆ ನಿಂತಿತ್ತು. ಎಷ್ಟೋ ವರ್ಷಗಳಿಂದ ಹೀಗೆ ಕೂತ ನೆನಪೇ ಅವಳಿಗಿರಲಿಲ್ಲ.

ಆಫೀಸಿನ ವೈಫೈ ತೆಗೆದು, ತನ್ನ ಫೋನಿನ ನೆಟ್ ಹಚ್ಚಿಕೊಂಡಳು. ಅಂಜಲಿ ಕುರ್ಚಿ ಎಳೆದುಕೊಂಡು ಬಂದು ಹತ್ತಿರ ಕೂತಳು.

“ಅಕ್ಕಾ, ನನ್ನ ಸಲುವಾಗಿ ನಿಮ್ಮ ಮಾತು ಬಯಲಿಗೆ ಬಿತ್ತಲ್ರಿ.”

“ಬಿಡ, ನಾನ ಹೇಳಿದೆ. ನಾ ಹೇಳಿದ್ದು ಬ್ಯಾರೆ, ಅವ್ರು ಕದ್ದು ನೋಡಿ ತಗದಿದ್ದು ಬ್ಯಾರೆ.”

ಹುಡುಗಿ ಪರದೆಯ ಕಡೆ ಕಣ್ಣು ಹಾಯಿಸದೆ ತಲೆ ತಗ್ಗಿಸಿ ಕೂತಿದ್ದಳು. ದ್ರಾಕ್ಷಾಯಿಣಿ ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಒಂದು ಫೋಟೊ ತೆರೆದು, ಲ್ಯಾಪ್‌ಟಾಪನ್ನು ತಾನೇ ಅವಳತ್ತ ತಿರುಗಿಸಿದಳು.

“ಮುನಿರಾಬಾದಿನವ್ರು. ಹೆಂಗ ಅದಾರ, ಖರೆ ಹೇಳು.”

ಅಂಜಲಿ ಕಣ್ಣೊರೆಸಿಕೊಂಡು, ಮುಖ ಹತ್ತಿರ ತಂದು, ಬಹಳ ಹೊತ್ತು ನೋಡಿದಳು.

“ಮೀಸಿ ಛಲೋ ಅದಾವ್ರಿ ಅಕ್ಕಾ.”