ಸೋಡಾ ತರಲು ಹೋದ ಸೋದರಮಾವ

ಬೀಗರ ಊಟಕ್ಕೆ ಎಲ್ಲೂ ಬರೆದಿಡದ ಒಂದು ಕಾನೂನಿದೆ...

ಬೀಗರನ್ನು ಒಣ ಗಂಟಲಲ್ಲಿ ಕಳಿಸಿದರೆ ಮನೆತನದ ಮರ್ಯಾದೆ ಹೋಗುತ್ತದೆ!

ಮಂಡ್ಯ ಕಡೆಯ ಒಂದು ಛತ್ರ. ಮಧ್ಯಾಹ್ನದ ಬಿಸಿಲು. ಒಳಗೆ ಮುದ್ದೆ, ಬೋಟಿ ಗೊಜ್ಜು, ಬಿರಿಯಾನಿ...

ಹಿಂದೆ, ನೀರಿನ ಟ್ಯಾಂಕ್ ಮರೆಯಲ್ಲಿ, ಗಂಡಸರೆಲ್ಲ ಸೇರಿ ಮರ್ಯಾದೆ ಉಳಿಸುವ ಕೆಲಸದಲ್ಲಿ ತೊಡಗಿದ್ದರು.

ಮದುಮಗಳು ಸಿಂಚನಳ ಸೋದರಮಾವ ಜವರಪ್ಪನವರು. ದೊಡ್ಡ ಮೀಸೆ, ದೊಡ್ಡ ಮನಸ್ಸು, ಎರಡಕ್ಕಿಂತಲೂ ದೊಡ್ಡದಾದ ಹೊಸ ಕಾರು.

ನಡುವೆ ಸೋಡಾ ಮುಗಿಯಿತು. ಜವರಪ್ಪನವರು ಕಾರಿನ ಕೀ ತೆಗೆದರು.

"ಮಾವ, ಕೀ ಕೊಡಿ ಇಲ್ಲಿ. ನಾನೇ ಹೋಗಿ ತತ್ತೀನಿ," ಎಂದಳು ಸಿಂಚನ. ಅಪ್ಪನ ತರಕಾರಿ ಪಿಕಪ್ಪನ್ನು ಮಾರ್ಕೆಟ್ಟಿಗೆ ಓಡಿಸಿ ಅಭ್ಯಾಸವಿದ್ದ ಹುಡುಗಿ.

"ಮದ್ವೆ ಹೆಣ್ಣು ಸೋಡಾ ತರಕ್ಕೋದ್ರೆ ಬೀಗರು ಏನಂದಾರು? ಇಲ್ಲೇ ಸರ್ಕಲ್ ಕಣವ್ವ. ಎಲ್ಡು ಪೆಗ್ ಹಾಕುದ್ ಮೇಲೇ ನನ್ ಕಣ್ಣು ಚುರುಕಾಗದು!"

ಎಲ್ಲರೂ ನಕ್ಕರು.

ಕಣ್ಣು ನಿಜಕ್ಕೂ ಚುರುಕಾಗಿಯೇ ಇತ್ತು... ಸರ್ಕಲ್ ಹತ್ತಿರ ಸೈರನ್ ಹಾಕಿಕೊಂಡು ಬರುತ್ತಿದ್ದ ಆಂಬುಲೆನ್ಸ್ ಅವರಿಗೆ ಚೆನ್ನಾಗಿ ಕಂಡಿತು. "ಅದು ಬರೋದ್ರೊಳಗೆ ದಾಟ್ಬುಡ್ತೀನಿ" ಎಂದುಕೊಂಡು ಆಕ್ಸಿಲರೇಟರ್ ಒತ್ತಿದರು.

ಧಡ್!

ಆಂಬುಲೆನ್ಸಿನ ಮುಂದಿನ ಚಕ್ರ ಸೊಟ್ಟಗಾಯಿತು. ಡ್ರೈವರ್ ಕೈಗೆ ಪೆಟ್ಟು. ದೊಡ್ಡ ಕಾರಿಗೆ ಮಾತ್ರ ಬಂಪರ್ ಜೋತುಬಿದ್ದದ್ದು ಬಿಟ್ಟರೆ ಏನೂ ಆಗಿರಲಿಲ್ಲ.

ಆಂಬುಲೆನ್ಸ್ ಒಳಗೆ ಒಬ್ಬ ಅಜ್ಜಿ ಮಲಗಿದ್ದಳು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿತ್ತು...

ನರ್ಸ್ ಕೆಳಗೆ ಹಾರಿ ಕೂಗಿದಳು. "ಇನ್ನೊಂದು ಗಾಡಿ ಬರೋಗಂಟ ಈವಮ್ಮ ತಡ್ಕೊಳಲ್ಲ! ಯಾರಾದ್ರೂ ಆಸ್ಪತ್ರೆಗೆ ಕಾರ್ ಓಡಿಸ್ರಪ್ಪ!"

ಛತ್ರದಿಂದ ಗಂಡಸರು ಓಡಿ ಬಂದರು. ಜೇಬು ಜೇಬಿನಲ್ಲೂ ಕಾರಿನ ಕೀ...

ಓಡಿಸುವ ಸ್ಥಿತಿಯಲ್ಲಿ ಒಬ್ಬರೂ ಇರಲಿಲ್ಲ!

ಇನ್ನೊಬ್ಬ ಕುಡಿದಿರುವುದಿಲ್ಲ ಎಂದು ನಂಬಿಕೊಂಡೇ ಪ್ರತಿಯೊಬ್ಬರೂ ಕುಡಿದಿದ್ದರು. ಮದುಮಗನಂತೂ ಚಪ್ಪರದ ಕಂಬ ಬಿಟ್ಟು ಕದಲುವಂತಿರಲಿಲ್ಲ.

ಆಗ ಗುಂಪನ್ನು ಸೀಳಿಕೊಂಡು ಒಂದು ರೇಷ್ಮೆ ಸೀರೆ ಬಂತು.

"ಮಾವ. ಕೀ."

ಬೀಗರು ಏನಂದಾರು ಎಂದು ಜವರಪ್ಪನವರು ಈ ಸಲ ಯೋಚಿಸಲಿಲ್ಲ.

ಸಿಂಚನ ಸೆರಗು ಸಿಕ್ಕಿಸಿ, ಬಳೆಗಳನ್ನು ಮೇಲಕ್ಕೇರಿಸಿ ಗೇರ್ ಹಾಕಿದಳು. ಹಿಂದಿನ ಸೀಟಿನಲ್ಲಿ ನರ್ಸ್, ಪಕ್ಕದಲ್ಲಿ ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ಜವರಪ್ಪನವರು.

"ಕಣ್ಣು ಮುಚ್ಚಕ್ಕೆ ಬಿಡ್ಬೇಡಿ. ಮಾತಾಡುಸ್ತಾ ಇರಿ," ನರ್ಸ್ ಆಜ್ಞೆ ಮಾಡಿದಳು.

"ಅಜ್ಜಿ... ಯಾವೂರು ನಿಮ್ದು?"

"ಯಾವೂರಾದ್ರೇನಪ್ಪ... ಈಗ ಹೊಂಟಿರೋದು ಇನ್ನೊಂದೂರ್ಗೆ."

"ಹಂಗನ್ಬೇಡಿ ಅಜ್ಜಿ!"

"ಇದೇನಪ್ಪ ಇಂಥಾ ವಾಸ್ನೆ... ಆಸ್ಪತ್ರೆ ಸ್ಪಿರಿಟ್ಟಾ?"

ನರ್ಸ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಜವರಪ್ಪನವರಿಗೆ ಬಾಯಿ ತೆರೆಯುವಂತೆಯೂ ಇಲ್ಲ, ಮುಚ್ಚುವಂತೆಯೂ ಇಲ್ಲ!

"ಕಾರ್ ಕೊಟ್ಟಲ್ಲಪ್ಪ... ಪುಣ್ಯಾತ್ಮ. ನಿನ್ ಹೊಟ್ಟೆ ತಣ್ಣಗಿರ್ಲಿ..."

ಅಷ್ಟು ಹೇಳಿದ ಅಜ್ಜಿ ಸುಮ್ಮನಾದಳು. ರೆಪ್ಪೆಗಳು ಇಳಿದವು.

"ಅಜ್ಜಿ! ಅಜ್ಜೀ! ಏನಾದ್ರೂ ಮಾತಾಡವ್ವ..."

ದೊಡ್ಡ ಮೀಸೆ ಒದ್ದೆಯಾಗಿತ್ತು. ಸಿಂಚನ ಹಾರನ್ ಮೇಲಿಂದ ಕೈ ತೆಗೆಯಲೇ ಇಲ್ಲ...

ಆಸ್ಪತ್ರೆ. ಇಂಜೆಕ್ಷನ್. ಮುಚ್ಚಿದ ಬಾಗಿಲು.

ಸಂಜೆ ಪೊಲೀಸರು ಬಂದು, ಜವರಪ್ಪನವರ ರಕ್ತ ಪರೀಕ್ಷೆ ಮಾಡಿಸಿ, ಕೇಸು ಬರೆದುಕೊಂಡು ಹೋದರು. ಜವರಪ್ಪನವರು ಮಾತ್ರ ಆ ಬಾಗಿಲು ಬಿಟ್ಟು ಏಳಲಿಲ್ಲ.

ಬೆಳಿಗ್ಗೆ ಡಾಕ್ಟರ್ ನಗುತ್ತಾ ಹೊರಬಂದರು. "ಬಚಾವ್! ಇನ್ನೊಂಚೂರು ತಡ ಆಗಿದ್ರೆ ಕಷ್ಟ ಇತ್ತು."

ಅಷ್ಟರಲ್ಲಿ ದೂರದೂರಿನಿಂದ ಬಂದ ಅಜ್ಜಿಯ ಮಗಳು, ವಾರ್ಡಿನಲ್ಲಿ ಜವರಪ್ಪನವರ ಕಾಲಿಗೇ ಬಿದ್ದಳು.

"ದೇವ್ರು ಬಂದಂಗೆ ಬಂದ್ರಿ ಅಣ್ಣ! ಯಾವ್ದೋ ಕುಡುಕ್ ಮುಂಡೇದು ಆಂಬುಲೆನ್ಸ್‌ಗೆ ಗುದ್ತಂತೆ. ನೀವು ಕಾರ್ ಕೊಡ್ದೆ ಇದ್ದಿದ್ರೆ ನಮ್ಮವ್ವ..."

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಫೋಟೋ ತೆಗೆಯಲು ಆಗಲೇ ಯಾರೋ ಫೋನ್ ಎತ್ತಿದ್ದರು...

ಜವರಪ್ಪನವರು ಕಾಲು ಹಿಂದಕ್ಕೆ ಎಳೆದುಕೊಂಡರು.

"ಕಾಲ್ ಮುಟ್ಬೇಡ ಕಣವ್ವ... ಆ ಕುಡುಕ್ ಮುಂಡೇದು ನಾನೇ."

ಎತ್ತಿದ ಫೋನ್ ಕೆಳಗಿಳಿಯಿತು. ಮಗಳು ಎದ್ದು ನಿಂತಳು.

ಮಂಚದಿಂದ ಅಜ್ಜಿಯ ದನಿ ಬಂತು. "ಬಾ ಇಲ್ಲಿ. ಆ ಸ್ಟೂಲ್ ಎಳ್ಕಂಡು ಕೂತ್ಕೊ."

ಕೂತರು.

ಶುರುವಾಯಿತು ನೋಡಿ... ಅವರ ಕಾರಿಗೆ, ಮೀಸೆಗೆ, ಜೊತೆಗೆ ಕುಡಿದ ಬೀಗರಿಗೆ, ಸೋಡಾ ಕಂಡುಹಿಡಿದವನ ವಂಶಕ್ಕೆ... ಸಣ್ಣ ದನಿಯಲ್ಲಿ, ನಡುನಡುವೆ ಉಸಿರು ತೆಗೆದುಕೊಂಡು, ಅಜ್ಜಿ ಒಬ್ಬರನ್ನೂ ಬಿಡಲಿಲ್ಲ. ಪಕ್ಕದ ಬೆಡ್ಡಿನವರು ಮೊಬೈಲ್ ಮ್ಯೂಟ್ ಮಾಡಿ ಕೇಳಿದರು!

ಜವರಪ್ಪನವರು ಅಳುತ್ತಾ ಕೇಳಿದರು. ಅಳುತ್ತಲೇ ನಗತೊಡಗಿದರು.

"ಯಾಕ್ಲಾ ನಗ್ತೀಯಾ?"

"ಬೈಯವ್ವ... ಇನ್ನೊಂಚೂರು ಬೈಯಿ. ನೆನ್ನೆ ಕಾರಲ್ಲಿ ಸುಮ್ಕಾಗ್ಬುಟ್ಟೆಯಲ್ಲ... ಅದುನ್ನ ಮಾತ್ರ ನನ್ ಕೈಲಿ ತಡ್ಕೊಳಕ್ಕಾಗ್ಲಿಲ್ಲ."

ಅಜ್ಜಿ ಅವರನ್ನೇ ನೋಡಿದಳು. ನೀರು ಕೇಳಿ ಒಂದು ಗುಟುಕು ಕುಡಿದಳು.

"ನಾಳಿಕ್ಕೂ ಬಾ. ಇನ್ನೂ ಮುಗ್ದಿಲ್ಲ."

ಜವರಪ್ಪನವರ ಲೈಸೆನ್ಸ್ ಹೋಯಿತು, ಕೋರ್ಟಿನ ಅಲೆದಾಟ ಬಂತು. ಈಗಲೂ ಆಗಾಗ ಬಸ್ಸು ಹತ್ತಿ ಅಜ್ಜಿಯ ಊರಿಗೆ ಹೋಗುತ್ತಾರೆ... ಬೈಸಿಕೊಂಡು, ಊಟ ಮಾಡಿಕೊಂಡು ಬರುತ್ತಾರೆ.

ನಮ್ಮ ತಪ್ಪಿಗೆ ನಮ್ಮನ್ನು ಬೈಯಲು ಎದುರಿನವರು ಬದುಕಿ ಉಳಿಯುವುದೇ ಭಾಗ್ಯ... ಆ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಮುಂದಿನ ಊಟಕ್ಕೆ ಎಲ್ಲರೂ ಒಂದೇ ಕಾರಿನಲ್ಲಿ ಹೊರಡುತ್ತೀರಲ್ಲ... ವಾಪಸ್ ಬರುವಾಗ ಓಡಿಸುವವರು ಯಾರು ಎಂದು ಮೊದಲೇ ಕೇಳಿಕೊಂಡಿದ್ದೀರಾ?